ಹಾಲು ಬಿಡುವ ಮುನ್ನ: ನಿಮ್ಮ ಹೊಟ್ಟೆಗೆ ಯಾವುದು, ಎಷ್ಟು ಒಗ್ಗುತ್ತದೆ ಎಂದು ತಿಳಿಯುವುದು ಹೇಗೆ?

‘ನನಗೆ ಹಾಲು ಒಗ್ಗಲ್ಲ.’ ಈ ಮಾತು ಈಗ ಎಲ್ಲೆಡೆ ಕೇಳಿಸುತ್ತದೆ. ಕೆಲವರಿಗೆ ನಿಜಕ್ಕೂ ಒಗ್ಗುವುದಿಲ್ಲ. ಇನ್ನು ಕೆಲವರು ಎರಡು ಸಲ ಹೊಟ್ಟೆ ಕೆಟ್ಟಿತೆಂದು ಹಾಲು, ಮೊಸರು, ಚೀಸ್ ಎಲ್ಲವನ್ನೂ ಒಂದೇ ದಿನ ಬಿಡುತ್ತಾರೆ. ಓಟ್ಸ್ ಹಾಲೋ ಸೋಯಾ ಹಾಲೋ ಶುರು ಮಾಡುತ್ತಾರೆ. ಆಮೇಲೂ ಹೊಟ್ಟೆ ಉಬ್ಬರ ಹೋಗುವುದಿಲ್ಲ.

ನಾನೂ ಹೀಗೆ ಸುಮಾರು ಒಂದು ವರ್ಷ ಹಾಲಿನಿಂದ ದೂರ ಇದ್ದೆ. ಕೊನೆಗೆ ತಿಂದದ್ದು, ಕುಡಿದದ್ದನ್ನೆಲ್ಲ ಬರೆದಿಡುತ್ತಾ ಹೋದಾಗ ವಿಷಯ ಗೊತ್ತಾಯಿತು. ತೊಂದರೆ ಕೊಡುತ್ತಿದ್ದುದು ಖಾಲಿ ಹೊಟ್ಟೆಗೆ ಕುಡಿಯುತ್ತಿದ್ದ ದೊಡ್ಡ ಲೋಟದ ಹಾಲು. ಅದರಲ್ಲೇ ಅರ್ಧದಷ್ಟನ್ನು ಊಟದ ಜೊತೆ ಕುಡಿದರೆ ಏನೂ ಆಗುತ್ತಿರಲಿಲ್ಲ. ಮೊಸರಂತೂ ಯಾವತ್ತೂ ತೊಂದರೆ ಕೊಟ್ಟಿರಲಿಲ್ಲ. ಸುಮ್ನೆ ಒಂದು ವರ್ಷ ಬಿಟ್ಟಿದ್ದೆ. ಅದಕ್ಕೇ ಈ ಲೇಖನ.

ಹೊಟ್ಟೆಯೊಳಗೆ ಏನಾಗುತ್ತದೆ?

ಹಾಲಿನಲ್ಲಿರುವ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಗ್ಲೂಕೋಸ್, ಗ್ಯಾಲಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳು ಅಂಟಿಕೊಂಡು ಆಗಿರುವುದು ಇದು. ಈ ಜೋಡಿಯನ್ನು ಕರುಳು ಹಾಗೇ ಹೀರಿಕೊಳ್ಳಲಾರದು. ಮೊದಲು ಬಿಡಿಸಬೇಕು. ಬಿಡಿಸುವ ಕೆಲಸ ಸಣ್ಣ ಕರುಳಿನ ಒಳಗೋಡೆಯಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವದ್ದು. ಎಳೆ ಮಕ್ಕಳಲ್ಲಿ ಇದು ಧಾರಾಳವಾಗಿರುತ್ತದೆ. ಬೆಳೆಯುತ್ತಾ ಹೋದಂತೆ ಜಗತ್ತಿನ ಸುಮಾರು ಮೂರನೇ ಎರಡು ಭಾಗ ಜನರಲ್ಲಿ ಕಡಿಮೆಯಾಗುತ್ತದೆ. ಅಂದರೆ ಇದನ್ನು ಕಾಯಿಲೆ ಎನ್ನುವಂತಿಲ್ಲ. ದೊಡ್ಡವರಾದ ಮೇಲೂ ಹಾಲು ಸಲೀಸಾಗಿ ಅರಗುವವರಲ್ಲೇ ಜೀನ್ ಸ್ವಲ್ಪ ಬದಲಾಗಿರುತ್ತದೆ. ಅಂಥ ಒಂದು ಬದಲಾವಣೆಯನ್ನು 2002ರಲ್ಲಿ ಫಿನ್‌ಲೆಂಡ್‌ನ ಕುಟುಂಬಗಳನ್ನು ಪರೀಕ್ಷಿಸಿ ಗುರುತಿಸಲಾಯಿತು.

ಬಿಡಿಯಾಗದೆ ಉಳಿದ ಲ್ಯಾಕ್ಟೋಸ್ ನೀರನ್ನು ಎಳೆದುಕೊಂಡು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ಅವು ಅದನ್ನು ಹುಳಿಸುವಾಗ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಕೂಡ ಹುಟ್ಟುತ್ತದೆ. ಗ್ಯಾಸ್ ಜಾಸ್ತಿಯಾದರೆ ಉಬ್ಬರ, ಗುಡುಗುಡು ಸದ್ದು, ನೋವು. ನೀರು ಜಾಸ್ತಿಯಾದರೆ ಭೇದಿ. ಸಾಮಾನ್ಯವಾಗಿ ಹಾಲು ಕುಡಿದ ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ಇದೆಲ್ಲ ಕಾಣಿಸಿಕೊಳ್ಳುತ್ತದೆ.

ಹಂತ 1: ಅಲರ್ಜಿ ಇದೆಯೇ ಎಂದು ಮೊದಲು ನೋಡಿ

ಹಾಲಿನ ಅಲರ್ಜಿ ಬೇರೆ, ಲ್ಯಾಕ್ಟೋಸ್ ಅರಗದಿರುವುದು ಬೇರೆ. ಅಲರ್ಜಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಹಾಲಿನ ಪ್ರೋಟೀನ್ ಮೇಲೆ ತಿರುಗಿಬೀಳುತ್ತದೆ. ಮೈಮೇಲೆ ದದ್ದು, ತುಟಿ ಮುಖ ಊದುವುದು, ವಾಂತಿ, ಉಸಿರಾಟಕ್ಕೆ ಕಷ್ಟ ಇವೆಲ್ಲ ಅದರ ಸೂಚನೆ. ಅಂಥವರಿಗೆ ಲ್ಯಾಕ್ಟೋಸ್ ತೆಗೆದ ಹಾಲೂ ಅಪಾಯವೇ. ಅದರಲ್ಲಿ ಸಕ್ಕರೆ ಮಾತ್ರ ಬದಲಾಗಿರುತ್ತದೆ, ಪ್ರೋಟೀನ್ ಹಾಗೇ ಇರುತ್ತದೆ. ಈ ಲಕ್ಷಣಗಳು ಇದ್ದರೆ ಮುಂದಿನ ಹಂತಗಳನ್ನು ಮನೆಯಲ್ಲಿ ಮಾಡಿ ನೋಡಬೇಡಿ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ರಕ್ತಹೀನತೆ ಇದ್ದರೂ ನೇರ ವೈದ್ಯರ ಹತ್ತಿರ ಹೋಗಿ. ಇವುಗಳಿಗೆ ಹಾಲನ್ನು ಹೊಣೆ ಮಾಡಿ ಕೂತರೆ ಬೇರೆ ಕಾಯಿಲೆ ಒಳಗೇ ಬೆಳೆಯಬಹುದು.

ಹಂತ 2: ಬರೆದಿಡಿ, ಆಮೇಲೆ ಬಿಟ್ಟು ನೋಡಿ

ಒಂದು ವಾರ ಏನನ್ನೂ ಬದಲಿಸಬೇಡಿ. ಏನು ತಿಂದಿರಿ, ಎಷ್ಟು, ಎಷ್ಟು ಗಂಟೆಗೆ, ಹೊಟ್ಟೆ ಹೇಗಿತ್ತು, ಇಷ್ಟನ್ನು ಬರೆಯಿರಿ. ಆಮೇಲೆ ಎರಡು ವಾರ ಲ್ಯಾಕ್ಟೋಸ್ ಇರುವುದನ್ನೆಲ್ಲ ನಿಲ್ಲಿಸಿ. ಇಲ್ಲಿ ಹಾಲಿನ ಪುಡಿಯನ್ನು ಮರೆಯಬೇಡಿ. ಕೆನೆ ತೆಗೆದ ಹಾಲಿನ ಪುಡಿಯ ತೂಕದಲ್ಲಿ ಸುಮಾರು ಅರ್ಧ ಲ್ಯಾಕ್ಟೋಸೇ. ಬಿಸ್ಕತ್ತು, ಸೂಪಿನ ಪುಡಿ, ಚಾಕೊಲೇಟ್‌ಗಳಲ್ಲಿ ಅದು ಅಡಗಿರುತ್ತದೆ.

ಈ ಎರಡು ವಾರದಲ್ಲಿ ಹೊಟ್ಟೆ ಒಂದಿಷ್ಟೂ ಸುಧಾರಿಸದಿದ್ದರೆ ತಪ್ಪು ಬಹುಶಃ ಲ್ಯಾಕ್ಟೋಸ್‌ನದ್ದಲ್ಲ. ಈ ಉತ್ತರವೂ ಬೆಲೆಯುಳ್ಳದ್ದು.

ಇನ್ನೊಂದು ಮಾತು. ಜೋರಾದ ವಾಂತಿಭೇದಿ ಆಗಿ ಹೋದ ಮೇಲೆ ಕೆಲವು ವಾರ ಹಾಲು ಅರಗದೇ ಇರಬಹುದು. ಸೋಂಕು ಕರುಳಿನ ಒಳಗೋಡೆಯನ್ನು ಕೆಡಿಸಿರುತ್ತದೆ, ಲ್ಯಾಕ್ಟೇಸ್ ಇರುವುದೂ ಅಲ್ಲೇ ಅಲ್ವಾ? ಗೋಡೆ ಸರಿಹೋದಂತೆ ಹಾಲೂ ಮತ್ತೆ ಒಗ್ಗುತ್ತದೆ. ಆ ದಿನಗಳ ಅನುಭವ ನೋಡಿ ಜೀವನಪೂರ್ತಿಯ ತೀರ್ಮಾನ ಮಾಡಬೇಡಿ.

ಹಂತ 3: ಅಳತೆ ಏರಿಸುತ್ತಾ ಹೋಗಿ

ಹೆಚ್ಚಿನವರು ಬಿಟ್ಟುಬಿಡುವುದು ಈ ಹಂತವನ್ನೇ. ಹಾಲು ನಿಲ್ಲಿಸಿ ಹೊಟ್ಟೆ ಹಗುರವಾದರೆ ಅಲ್ಲೇ ಪರೀಕ್ಷೆ ಮುಗಿಸುತ್ತಾರೆ. ತಮ್ಮ ಮಿತಿ ಎಲ್ಲಿದೆ ಎಂದು ಅವರಿಗೆ ಗೊತ್ತೇ ಆಗುವುದಿಲ್ಲ.

ಮೂರು ದಿನ 50 ಮಿಲಿಲೀಟರ್ ಹಾಲನ್ನು ಊಟದ ಜೊತೆ ಕುಡಿಯಿರಿ. ಏನೂ ಆಗದಿದ್ದರೆ ಮುಂದಿನ ಮೂರು ದಿನ 100, ಆಮೇಲೆ 200. ತೊಂದರೆ ಶುರುವಾದ ಅಳತೆಗಿಂತ ಒಂದು ಮೆಟ್ಟಿಲು ಕೆಳಗೆ ನಿಮ್ಮ ಮಿತಿ. 250 ಮಿಲಿಲೀಟರ್ ಹಾಲಿನಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಲ್ಯಾಕ್ಟೋಸ್ ಸರಿಯಾಗಿ ಅರಗದವರಲ್ಲೂ ಬಹಳಷ್ಟು ಜನ ಒಂದು ಹೊತ್ತಿಗೆ ಇಷ್ಟನ್ನು ಹೆಚ್ಚು ತೊಂದರೆಯಿಲ್ಲದೆ ತಡೆದುಕೊಳ್ಳುತ್ತಾರೆ. ಊಟದ ಜೊತೆ ಕುಡಿದಾಗ ಹಾಲು ಜಠರದಿಂದ ನಿಧಾನವಾಗಿ ಇಳಿಯುತ್ತದೆ. ಇರುವ ಅಷ್ಟಿಷ್ಟು ಲ್ಯಾಕ್ಟೇಸ್‌ಗೆ ಕೆಲಸ ಮಾಡಲು ಸಮಯ ಸಿಗುತ್ತದೆ.

ದಿನವೂ ಸ್ವಲ್ಪ ಸ್ವಲ್ಪ ಕುಡಿಯುತ್ತಾ ಬಂದರೆ ಮಿತಿ ಏರುವುದೂ ಉಂಟು. ಲ್ಯಾಕ್ಟೇಸ್ ಮರಳಿ ಬರುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹೊಂದಿಕೊಳ್ಳುತ್ತವೆ. ಗ್ಯಾಸ್ ಕಡಿಮೆ ಮಾಡುವ ಗುಂಪುಗಳು ಅಲ್ಲಿ ಬೆಳೆಯುತ್ತವೆ.

ಹಂತ 4: ಮೊಸರು, ಚೀಸ್‌ಗಳನ್ನು ಬೇರೆಯಾಗಿ ಪರೀಕ್ಷಿಸಿ

ಹಾಲು ಒಗ್ಗದವರಿಗೆ ಮೊಸರು ಏಕೆ ಒಗ್ಗುತ್ತದೆ? ಹುಳಿಯುವಾಗ ಬ್ಯಾಕ್ಟೀರಿಯಾಗಳು ಸ್ವಲ್ಪ ಲ್ಯಾಕ್ಟೋಸ್ ತಿಂದು ಮುಗಿಸುತ್ತವೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಆ ಬ್ಯಾಕ್ಟೀರಿಯಾಗಳ ಒಳಗೇ ಲ್ಯಾಕ್ಟೋಸ್ ಬಿಡಿಸುವ ಕಿಣ್ವ ಇರುತ್ತದೆ. ಜಠರದ ಆಮ್ಲ ದಾಟುವವರೆಗೆ ಅವುಗಳ ಗೋಡೆ ಆ ಕಿಣ್ವವನ್ನು ಕಾಪಾಡುತ್ತದೆ. ಸಣ್ಣ ಕರುಳಿನಲ್ಲಿ ಪಿತ್ತರಸ ತಾಗಿದಾಗ ಕಿಣ್ವ ಹೊರಬಂದು ಕೆಲಸ ಶುರು ಮಾಡುತ್ತದೆ. ಮೊಸರು ತನ್ನನ್ನು ಅರಗಿಸುವ ಸಾಮಾನನ್ನು ತಾನೇ ಹೊತ್ತು ತರುತ್ತದೆ. ನನಗೆ ಇದು ಇವತ್ತಿಗೂ ಬೆರಗಿನ ವಿಷಯ. ಮೊಸರಿನ ಗಟ್ಟಿತನದಿಂದ ಅದು ಕರುಳಿನಲ್ಲಿ ನಿಧಾನವಾಗಿ ಸಾಗುವುದೂ ಅನುಕೂಲವೇ.

ಮೊಸರು ಲ್ಯಾಕ್ಟೋಸ್ ಅರಗಿಸಲು ನೆರವಾಗುತ್ತದೆ ಎಂಬ ಮಾತನ್ನು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಒಪ್ಪಿಕೊಂಡಿತು. ಒಂದು ಷರತ್ತಿದೆ. ಒಂದು ಗ್ರಾಂ ಮೊಸರಿನಲ್ಲಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ಹೆಪ್ಪುಗಟ್ಟಿದ ಮೇಲೆ ಮತ್ತೆ ಬಿಸಿ ಮಾಡಿ ಪ್ಯಾಕ್ ಮಾಡಿದ ಮೊಸರಿನಲ್ಲಿ ಅವು ಸತ್ತಿರುತ್ತವೆ. ಆದ್ದರಿಂದ ಡಬ್ಬಿಯ ಮೇಲೆ ಜೀವಂತ ಬ್ಯಾಕ್ಟೀರಿಯಾ ಇದೆ ಎಂದು ಬರೆದಿದೆಯೇ ನೋಡಿ. ಹಣ್ಣಿನ ರುಚಿಯ ಮೊಸರುಗಳಲ್ಲಿ ಸಕ್ಕರೆ ಬಹಳ ಇರುತ್ತದೆ. ಸಾದಾ ಮೊಸರಿಗೆ ನೀವೇ ಹಣ್ಣು ಹಾಕಿಕೊಳ್ಳುವುದು ಮೇಲು.

ಮೊಸರಿನ ಎರಡು ಮುಖ್ಯ ಬ್ಯಾಕ್ಟೀರಿಯಾಗಳಲ್ಲಿ ಒಂದರ ಹೆಸರು ಲ್ಯಾಕ್ಟೋಬ್ಯಾಸಿಲಸ್ ಬಲ್ಗ್ಯಾರಿಕಸ್. ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್ 1905ರಲ್ಲಿ ಜಿನೀವಾದಲ್ಲಿ ವೈದ್ಯಕೀಯ ಓದುತ್ತಿದ್ದಾಗ ಇದನ್ನು ಗುರುತಿಸಿದರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಎಲೀ ಮೆಚ್ನಿಕೋಫ್ ಹುಳಿ ಹಾಲು ಆಯಸ್ಸು ಹೆಚ್ಚಿಸುತ್ತದೆ ಎಂದು ವಾದಿಸಿದರು. ಅಷ್ಟು ದೊಡ್ಡ ಮಾತು ಸಾಬೀತಾಗಲಿಲ್ಲ. ಆದರೆ ಕರುಳಿನ ಬ್ಯಾಕ್ಟೀರಿಯಾಕ್ಕೂ ಆರೋಗ್ಯಕ್ಕೂ ನಂಟಿದೆ ಎಂಬ ಅವರ ಯೋಚನೆ ಉಳಿಯಿತು. 2021ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 36 ಆರೋಗ್ಯವಂತರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. 10 ವಾರ ಮೊಸರು, ಕೆಫಿರ್ ಎಂಬ ಹುಳಿ ಹಾಲಿನ ಪಾನೀಯ, ಹುದುಗಿಸಿದ ತರಕಾರಿ ಮುಂತಾದವನ್ನು ಜಾಸ್ತಿ ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು. ರಕ್ತದಲ್ಲಿ ಉರಿಯೂತಕ್ಕೆ ಸಂಬಂಧಿಸಿದ 19 ಪ್ರೋಟೀನ್‌ಗಳು ಇಳಿದವು. ಸಣ್ಣ ಅಧ್ಯಯನ, ನಿಜ. ಆದರೂ ನಂಬಿಕೆ ಹುಟ್ಟಿಸುವಂಥದ್ದು. ಮೊಸರಿನ ಬ್ಯಾಕ್ಟೀರಿಯಾಗಳು ಕರುಳಿನಲ್ಲಿ ಮನೆ ಮಾಡಿ ನಿಲ್ಲುವುದಿಲ್ಲ, ಬಂದು ಹೋಗುತ್ತವೆ. ಹಾಗಾಗಿ ಅಪರೂಪಕ್ಕೆ ಒಂದು ಬಟ್ಟಲು ತಿನ್ನುವುದಕ್ಕಿಂತ ದಿನವೂ ಸ್ವಲ್ಪ ತಿನ್ನುವುದು ಒಳ್ಳೆಯದು.

ಚೀಸ್ ವಿಷಯ ಸುಲಭ. ತಿಂಗಳುಗಟ್ಟಲೆ ಮಾಗಿದ ಗಟ್ಟಿ ಚೀಸ್‌ನಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಮೆದುವಾದ ತಾಜಾ ಚೀಸ್‌ನಲ್ಲಿ ಸ್ವಲ್ಪ ಉಳಿದಿರುತ್ತದೆ. ಬೆಣ್ಣೆಯಲ್ಲಿ ತೀರಾ ಕಡಿಮೆ.

ಲ್ಯಾಕ್ಟೋಸ್ ತೆಗೆದ ಹಾಲು ಎಂದು ಮಾರುವುದು ಸಾಮಾನ್ಯವಾಗಿ ಲ್ಯಾಕ್ಟೇಸ್ ಬೆರೆಸಿ ಮೊದಲೇ ಬಿಡಿಸಿಟ್ಟ ಹಾಲು. ಅದು ಕೊಂಚ ಸಿಹಿ ಅನ್ನಿಸುವುದು ಇದರಿಂದಲೇ. ಪ್ರೋಟೀನ್, ಕ್ಯಾಲ್ಸಿಯಂ ಮಾಮೂಲಿ ಹಾಲಿನಷ್ಟೇ. ತೊಂದರೆ ಲ್ಯಾಕ್ಟೋಸ್‌ನದ್ದೇ ಎಂದು ಖಚಿತವಾದವರಿಗೆ ನನ್ನ ಮೊದಲ ಸಲಹೆ ಇದೇ. ಇನ್ನು ಎ2 ಹಾಲು. ಅದರಲ್ಲಿ ಬೇರೆಯಾಗಿರುವುದು ಒಂದು ಬಗೆಯ ಪ್ರೋಟೀನ್. ಲ್ಯಾಕ್ಟೋಸ್ ಅಷ್ಟೇ ಇರುತ್ತದೆ.

ಹಂತ 5: ಬದಲಿ ಹಾಲಿನ ಡಬ್ಬಿ ತಿರುಗಿಸಿ ಓದಿ

ಸಸ್ಯಗಳಿಂದ ಮಾಡಿದ ಯಾವ ಹಾಲಿನಲ್ಲೂ ಲ್ಯಾಕ್ಟೋಸ್ ಇಲ್ಲ. ಹಾಗೆಂದು ಅವೆಲ್ಲ ಹೊಟ್ಟೆಗೆ ಹಗುರ ಅಂದುಕೊಳ್ಳಬೇಡಿ.

ಇಡೀ ಸೋಯಾ ಕಾಳಿನಿಂದ ಮಾಡಿದ ಹಾಲಿನಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿರುತ್ತವೆ. ಇವನ್ನು ಬಿಡಿಸುವ ಕಿಣ್ವ ಯಾವ ಮನುಷ್ಯನ ಕರುಳಿನಲ್ಲೂ ಇಲ್ಲ. ಅವು ನೇರ ದೊಡ್ಡ ಕರುಳಿಗೆ ಹೋಗಿ ಗ್ಯಾಸ್ ಆಗುತ್ತವೆ. ಲ್ಯಾಕ್ಟೋಸ್‌ನದ್ದೇ ಕಥೆ ಮತ್ತೆ! ಹಾಲು ಬಿಟ್ಟು ಸೋಯಾಗೆ ಬಂದ ಮೇಲೂ ಉಬ್ಬರ ಹೋಗಲಿಲ್ಲ ಎನ್ನುವವರು ಇದನ್ನು ಗಮನಿಸಬೇಕು. ಸೋಯಾ ಪ್ರೋಟೀನನ್ನು ಮಾತ್ರ ಬೇರ್ಪಡಿಸಿ ಮಾಡಿದ ಹಾಲಿನಲ್ಲಿ ಈ ಸಕ್ಕರೆಗಳು ಬಹಳ ಕಡಿಮೆ. ಓಟ್ಸ್ ಹಾಲು ಮಾಡುವಾಗ ಕಿಣ್ವ ಹಾಕಿ ಪಿಷ್ಟವನ್ನು ಒಡೆಯುತ್ತಾರೆ. ಅದಕ್ಕೇ ಸಕ್ಕರೆ ಹಾಕದಿದ್ದರೂ ಸಿಹಿಯಾಗಿರುತ್ತದೆ. ಅದರಲ್ಲಿರುವ ಬೀಟಾ ಗ್ಲೂಕಾನ್ ಎಂಬ ನಾರು ಒಳ್ಳೆಯದೇ, ಆದರೆ ಒಂದು ಲೋಟದಲ್ಲಿ ಸಿಗುವುದು ಸ್ವಲ್ಪ. ಬಾದಾಮಿ ಹಾಲು ಹೊಟ್ಟೆಗೆ ಹಗುರ, ಪ್ರೋಟೀನ್ ಮಾತ್ರ ತೀರಾ ಕಡಿಮೆ. ಪ್ರೋಟೀನ್‌ನಲ್ಲಿ ಹಸುವಿನ ಹಾಲಿಗೆ ಹತ್ತಿರ ಬರುವುದು ಸೋಯಾ ಹಾಲು, 100 ಮಿಲಿಲೀಟರಿಗೆ ಸುಮಾರು 3 ಗ್ರಾಂ.

ಡಬ್ಬಿಯ ಹಿಂದೆ ಇನ್ಯುಲಿನ್ ಅಥವಾ ಚಿಕೋರಿ ಬೇರಿನ ನಾರು ಎಂದಿದ್ದರೆ ಮೊದಲು ಕಾಲು ಲೋಟ ಕುಡಿದು ನೋಡಿ. ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಅದು ಆಹಾರವೇ, ಆದರೆ ಸೂಕ್ಷ್ಮ ಹೊಟ್ಟೆಯವರಿಗೆ ಗ್ಯಾಸ್ ಕೂಡ. ಹಾಲು ಒಡೆಯದಂತೆ ಹಾಕುವ ಗಮ್‌ಗಳ ಬಗ್ಗೆ ಬಹಳ ಜನ ಹೆದರುತ್ತಾರೆ. 2015ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ ಅಂಥ ಎರಡು ಪದಾರ್ಥಗಳು ಕರುಳಿನ ಲೋಳೆಪದರವನ್ನು ತೆಳುವಾಗಿಸಿದ್ದವು. ಅಲ್ಲಿ ಬಳಸಿದ್ದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಮತ್ತು ಪಾಲಿಸಾರ್ಬೇಟ್ 80. ಈ ಹಾಲುಗಳಲ್ಲಿ ಸಾಮಾನ್ಯವಾಗಿರುವ ಗೆಲ್ಲಾನ್ ಗಮ್ ಬೇರೆ ಪದಾರ್ಥ, ಹಾಕುವುದೂ ಸ್ವಲ್ಪವೇ. ಹೆದರಿಕೆ ಬೇಡ. ಎರಡು ಡಬ್ಬಿ ಎದುರಿಗಿದ್ದರೆ ಪದಾರ್ಥಗಳ ಪಟ್ಟಿ ಚಿಕ್ಕದಿರುವುದನ್ನು ನಾನು ಆರಿಸುತ್ತೇನೆ, ಅಷ್ಟೇ.

ಕ್ಯಾಲ್ಸಿಯಂ ಮತ್ತು ಬಿ12 ಸೇರಿಸಿದ್ದಾರೆಯೇ ನೋಡಿ. ಸೇರಿಸಿದ ಕ್ಯಾಲ್ಸಿಯಂ ತಳಕ್ಕೆ ಕೂರುತ್ತದೆ, ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಿಯೇ ಬಗ್ಗಿಸಿ. ಮನೆಯಲ್ಲಿ ರುಬ್ಬಿ ಸೋಸಿದ ಬಾದಾಮಿ ಹಾಲಿನಲ್ಲಿ ಬಿ12 ಇರುವುದೇ ಇಲ್ಲ. ಒಂದು ವರ್ಷದೊಳಗಿನ ಮಗುವಿಗೆ ಎದೆಹಾಲು ಅಥವಾ ಶಿಶುಗಳಿಗೆಂದೇ ಮಾಡಿದ ಫಾರ್ಮುಲಾ ಬೇಕು. ಈ ಬದಲಿ ಹಾಲುಗಳು ಅದರ ಜಾಗ ತುಂಬಲಾರವು. ದಯವಿಟ್ಟು ಇದರಲ್ಲಿ ಪ್ರಯೋಗ ಮಾಡಬೇಡಿ.

ಹಂತ 6: ಇನ್ನೂ ಗೊಂದಲ ಉಳಿದರೆ

ಆಸ್ಪತ್ರೆಯಲ್ಲಿ ಉಸಿರಿನ ಹೈಡ್ರೋಜನ್ ಪರೀಕ್ಷೆ ಮಾಡುತ್ತಾರೆ. ಲ್ಯಾಕ್ಟೋಸ್ ಕರಗಿಸಿದ ನೀರು ಕುಡಿಸಿ, ಕೆಲವು ಗಂಟೆ ನಿಮ್ಮ ಉಸಿರನ್ನು ಅಳೆಯುತ್ತಾರೆ. ದೊಡ್ಡ ಕರುಳಿನಲ್ಲಿ ಹುಟ್ಟಿದ ಹೈಡ್ರೋಜನ್ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಹೊರಬರುತ್ತದೆ. ಅದು ಏರಿದರೆ ಲ್ಯಾಕ್ಟೋಸ್ ಅರಗಿಲ್ಲ ಎಂದರ್ಥ. ಈಚೆಗೆ ಆಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಮೊದಲೇ ಹೇಳಿ, ಫಲಿತಾಂಶ ತಪ್ಪಬಹುದು.

ಹೋಗುವಾಗ ನೀವು ಬರೆದಿಟ್ಟ ಪುಸ್ತಕವನ್ನು ಜೊತೆಗೆ ಒಯ್ಯಿರಿ. ಏನು ಕುಡಿದಿರಿ, ಎಷ್ಟು, ಎಷ್ಟು ಹೊತ್ತಿಗೆ ನೋವು ಬಂತು ಎಂದು ವೈದ್ಯರು ಕೇಳಿದಾಗ ಅದನ್ನೇ ಅವರ ಮುಂದೆ ಇಡಬಹುದು.