ಮೊದಲು ಮಗು ಓದೋದನ್ನು ಕೇಳಿ

ನಾಲ್ಕನೇ ತರಗತಿಯ ಹುಡುಗನೊಬ್ಬ ನನ್ನ ಮುಂದೆ ಅರಳು ಹುರಿದ ಹಾಗೆ ಪಾಠ ಓದಿದ. ಒಂದು ತಪ್ಪೂ ಇಲ್ಲ. ಆದರೆ ಅವನ ಬೆರಳು ಎರಡು ಸಾಲು ಹಿಂದೆ ಇತ್ತು. ಅನುಮಾನ ಬಂತು. ಅದೇ ಪಾಠದ ಪದಗಳನ್ನು ಸೇರಿಸಿ ಬೋರ್ಡಿನ ಮೇಲೆ ಬೇರೊಂದು ವಾಕ್ಯ ಬರೆದೆ. ಹುಡುಗ ಬಾಯಿ ಬಿಡಲಿಲ್ಲ. ಮೂರು ವರ್ಷ ಬರೀ ಬಾಯಿಪಾಠದಲ್ಲೇ ಮುಂದೆ ಬಂದಿದ್ದ. ಅದರಲ್ಲಿ ಒಂದು ವರ್ಷ ಅವನಿಗೆ ಪಾಠ ಮಾಡಿದವಳು ನಾನೇ. ಆ ನೋವು ಇನ್ನೂ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸರ್ಕಾರಿ ಶಾಲೆ ಸುಧಾರಿಸಬೇಕು ಅಂದ ಕೂಡಲೇ ಕಟ್ಟಡ, ಬಣ್ಣ, ಕಂಪ್ಯೂಟರ್ ಅಂತ ಹೊರಡುತ್ತೇವೆ, ಅಲ್ವಾ? ನೀವು ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದು ಶುರು ಮಾಡಿ. ಪ್ರತಿ ಮಗುವನ್ನೂ ಒಂಟಿಯಾಗಿ ಕೂರಿಸಿಕೊಂಡು ಐದು ನಿಮಿಷ ಓದಿಸಿ. ಬೇರೆ ಮಕ್ಕಳ ಎದುರು ಬೇಡವೇ ಬೇಡ. ಅಕ್ಷರ, ಪದ, ಸಣ್ಣ ಪ್ಯಾರಾ, ಕತೆ: ಮಗು ಎಲ್ಲಿ ನಿಂತಿತೋ ಅಲ್ಲಿ ಗುರುತು ಹಾಕಿ. ನಮ್ಮ ದೇಶದ ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯಲು 2005ರಲ್ಲಿ ಶುರುವಾದ ಅಸರ್ ಸಮೀಕ್ಷೆಯೂ ಹೀಗೇ ಓದಿಸಿ ನೋಡುತ್ತದೆ. ಓದುವ ಪಾಠ ಮಗು ಮೊದಲು ನೋಡದೇ ಇರೋದಾಗಿರಲಿ. ‘ಅಕ್ಕ’ ಅನ್ನೋದನ್ನು ‘ಅಕ’ ಅಂದರೆ ಅದನ್ನೂ ಬರೆದುಕೊಳ್ಳಿ. ಆ ಮಗುವಿಗೆ ಬೇಕಿರೋದು ಒತ್ತಕ್ಷರ. ಮತ್ತೆ ‘ಅ ಆ’ದಿಂದ ತಿದ್ದಿಸಿದರೆ ಸುಮ್ನೆ ಬೇಜಾರಾಗುತ್ತದೆ.

ಆಮೇಲೆ ದಿನಕ್ಕೆ ಒಂದು ಗಂಟೆ ತರಗತಿ ಮರೆತುಬಿಡಿ. ಮೂರನೇ ಕ್ಲಾಸಿನವನಾಗಲಿ, ಐದನೇ ಕ್ಲಾಸಿನವಳಾಗಲಿ, ಪದದ ಹಂತದಲ್ಲಿರುವವರೆಲ್ಲ ಒಟ್ಟಿಗೆ ಕೂರಲಿ. ಅತಿ ಹಿಂದಿರುವ ಗುಂಪು ಚಿಕ್ಕದಿರಲಿ. ಶಾಲೆಯ ಅತಿ ಒಳ್ಳೆಯ ಟೀಚರ್ ಅದನ್ನು ವಹಿಸಿಕೊಳ್ಳಲಿ. ಸಾಮಾನ್ಯವಾಗಿ ನಾವು ಇದರ ಉಲ್ಟಾ ಮಾಡುತ್ತೇವೆ. ಆರು ವಾರಕ್ಕೊಮ್ಮೆ ಮತ್ತೆ ಓದಿಸಿ, ಗುಂಪು ಬದಲಿಸಿ.

ಒಂದು ರಾಜ್ಯಕ್ಕೆ ರಾಜ್ಯವೇ ಓದಿನಲ್ಲಿ ಮೇಲೆ ಬಂದದ್ದೂ ಉಂಟು. ಅಮೆರಿಕದ ಮಿಸಿಸಿಪ್ಪಿ ಬಡ ರಾಜ್ಯ. ನಾಲ್ಕನೇ ತರಗತಿಯ ಓದಿನಲ್ಲಿ 2013ರಲ್ಲಿ 49ನೇ ಸ್ಥಾನದಲ್ಲಿತ್ತು, 2022ಕ್ಕೆ 21ನೇ ಸ್ಥಾನಕ್ಕೆ ಬಂತು. ಮೂರನೇ ತರಗತಿಯಲ್ಲಿ ಓದು ಬಾರದವರನ್ನು ಅಲ್ಲೇ ಉಳಿಸಿಕೊಳ್ಳುವ ಕಾನೂನು ಮಾಡಿದರು ಅನ್ನೋದನ್ನೇ ಎಲ್ಲರೂ ಹೇಳುತ್ತಾರೆ. ಆದರೆ ಟೀಚರುಗಳಿಗೆ ತರಬೇತಿ ಕೊಟ್ಟರು, ಹಿಂದುಳಿದ ಶಾಲೆಗಳಿಗೆ ಓದು ಕಲಿಸುವ ಮಾರ್ಗದರ್ಶಕರನ್ನು ಕಳಿಸಿದರು, ಮಕ್ಕಳ ತೊಂದರೆಯನ್ನು ಬೇಗ ಪತ್ತೆ ಮಾಡಿದರು. ಇದನ್ನೆಲ್ಲ ಬಿಟ್ಟು ಬರೀ ಫೇಲ್ ಮಾಡಿದರೆ ಮಗು ಮುದುಡಿಕೊಳ್ಳುತ್ತದೆ, ಅಷ್ಟೇ.

ಕಸುಬು ಕಲಿಸುವ ತರಗತಿಯೂ ಓದು ಬಾರದವರನ್ನು ಕಳಿಸುವ ಜಾಗ ಅಲ್ಲ. ಕೆಲಸದ ಕೋಣೆಯಲ್ಲಿ ಓದು ಜಾಸ್ತಿಯೇ ಬೇಕು. ನಮ್ಮಲ್ಲಿ ಪ್ರತಿ ಉಪಕರಣದ ಮೊಳೆಯ ಕೆಳಗೂ ಅದರ ಹೆಸರು ಬರೆದಿದ್ದೆವು. ಕೆಲಸ ಮುಗಿಸಿ ವಾಪಸ್ ನೇತುಹಾಕುವಾಗ ಓದಲೇಬೇಕು. ‘ಉಳಿ’, ‘ಇಕ್ಕಳ’, ‘ಸುತ್ತಿಗೆ’ ಹೀಗೇ ಕಲಿತವರಿದ್ದಾರೆ. ಮುಂದಿನ ಹೆಜ್ಜೆಯಲ್ಲಿ ಬಾಯಿಮಾತು ಬಿಡಿ. ‘ಹಲಗೆಯನ್ನು 30 ಸೆಂಟಿಮೀಟರಿಗೆ ಗುರುತು ಮಾಡು’ ಅಂತ ಚೀಟಿ ಕೊಡಿ. ಜರ್ಮನಿಯಲ್ಲಿ ಕಸುಬು ಕಲಿಯುವವರು ವಾರದಲ್ಲಿ ಮೂರು ನಾಲ್ಕು ದಿನ ಕೆಲಸದ ಜಾಗದಲ್ಲಿ, ಉಳಿದ ದಿನ ಶಾಲೆಯಲ್ಲಿ ಇರುತ್ತಾರೆ. ಎರಡೂ ಜೊತೆಯಾಗಿ ಸಾಗುತ್ತವೆ.

ಇನ್ನು ಶಾಲೆ ಆರಿಸಿಕೊಳ್ಳುವ ಮಾತು. ಚಿಲಿ ದೇಶ 1981ರಲ್ಲೇ ಸರ್ಕಾರದ ದುಡ್ಡು ಮಗುವಿನ ಹಿಂದೆ, ಅದು ಆರಿಸಿ ಸೇರಿದ ಶಾಲೆಗೆ ಹೋಗುವ ಹಾಗೆ ಮಾಡಿತು. ಆದರೆ ಶಾಲೆಗಳೇ ಮಕ್ಕಳನ್ನು ಆರಿಸಿಕೊಳ್ಳತೊಡಗಿದವು. ಕೊನೆಗೆ 2015ರಲ್ಲಿ ಅದನ್ನು ತಡೆಯಲು ಕಾನೂನೇ ಬೇಕಾಯಿತು. ಹೋಗಿಬರಲು ಬಸ್ಸಿಲ್ಲದಿದ್ದರೂ ಬಡ ಮಗುವಿಗೆ ಆಯ್ಕೆ ಇದ್ದೂ ಇಲ್ಲದ ಹಾಗೆಯೇ.

ನಿಮ್ಮ ಮಗುವಿಗೆ ಶಾಲೆ ಆರಿಸುವ ಅವಕಾಶ ಇದ್ದರೆ, ತರಗತಿ ನಡೆಯುವ ಹೊತ್ತಿಗೇ ಶಾಲೆಗೆ ಹೋಗಿ. ಹಿಂದಿನ ಬೆಂಚಿನ ಮಗು ಓದೋದನ್ನು ಕೇಳಿ. ಓದಲು ಕಷ್ಟಪಡುವ ಮಕ್ಕಳಿಗೆ ಏನು ಮಾಡ್ತೀರಿ ಅಂತ ಹೆಡ್ ಮಾಸ್ಟರನ್ನು ವಿಚಾರಿಸಿ. ನಾನು ಹೇಳಿದಂಥ ಹಾಳೆಯನ್ನು ಮುಜುಗರವಿಲ್ಲದೆ ತೆಗೆದು ತೋರಿಸಿದರೆ, ಕಟ್ಟಡ ಹಳೆಯದಿದ್ದರೂ ಅಲ್ಲೇ ಸೇರಿಸಿ.