ಹೋಟೆಲ್ ಮುಸುರೆಯಿಂದ ಗ್ಯಾಸ್: ಲೆಕ್ಕವೂ ತೊಡಕೂ

ಮೈಸೂರಿನ ನಮ್ಮ ಊಟ-ತಿಂಡಿ ಹೋಟೆಲಿನಲ್ಲಿ ದಿನಕ್ಕೆ 40 ಕೆ.ಜಿ. ಮುಸುರೆ ಬೀಳುತ್ತದೆ. ಅದನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿದರೆ ಕೆ.ಜಿ.ಗೆ ಸುಮಾರು 100 ಲೀಟರಿನಂತೆ ದಿನಕ್ಕೆ 4 ಘನ ಮೀಟರ್ ಬಯೋಗ್ಯಾಸ್. ಒಂದು ಘನ ಮೀಟರ್ ಅಂದಾಜು 450 ಗ್ರಾಂ ಎಲ್‌ಪಿಜಿಗೆ ಸಮ. ಅಂದರೆ 19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರ್ ತಿಂಗಳಿಗೆ ಮೂರು ಉಳಿದರೆ ಹೆಚ್ಚು. ಗ್ಯಾಸ್ ಬಿಲ್ಲೇ ಬರಲ್ಲ ಅನ್ನುವವರ ಮಾತು ನಂಬಿ ಹಾಕಿಸಬೇಡಿ.

ಮುಸುರೆಗೆ ಅಷ್ಟೇ ನೀರು ಬೆರೆಸಿದರೆ ದಿನಕ್ಕೆ 80 ಲೀಟರ್. ಅದು ತೊಟ್ಟಿಯೊಳಗೆ 40 ದಿನ ಕೊಳೆಯಬೇಕು, 3,200 ಲೀಟರ್ ಆಯಿತು. ನಾವು ಹಾಕಿಸಿದ್ದು 4,000 ಲೀಟರಿನ ತೊಟ್ಟಿ. ಮೊದಲು ಸಗಣಿ, ನೀರು ಸಮಪಾಲು ಕಲಸಿದ ಬಗ್ಗಡ ತುಂಬಿ ಮೂರು ವಾರ ಬಿಡಬೇಕು. ಮೊದಲ ಗ್ಯಾಸ್ ಉರಿಯುವುದಿಲ್ಲ, ಬಯಲಿಗೆ ಬಿಟ್ಟುಬಿಡಿ. ಆಮೇಲೆ ದಿನಕ್ಕೆ 5 ಕೆ.ಜಿ.ಯಿಂದ ಶುರುಮಾಡಿ ವಾರಕ್ಕೆ 5 ಕೆ.ಜಿ. ಏರಿಸಿ.

ತೊಟ್ಟಿ ಕೆಡುವುದು ಹುಳಿಯಿಂದ. ದಸರಾದಲ್ಲಿ ಜನ ಹೆಚ್ಚಿದರೆ ಮುಸುರೆಯೂ ಹೆಚ್ಚು. ಕ್ಲೀನರ್ ಅಷ್ಟನ್ನೂ ಸುರಿದುಬಿಡುತ್ತಾನೆ. ಹುಳಿ ಮಾಡುವ ಸೂಕ್ಷ್ಮಜೀವಿಗಳು ಚುರುಕು, ಉರಿಯುವ ಗ್ಯಾಸಾದ ಮೀಥೇನ್ ಮಾಡುವವು ನಿಧಾನ. ಗ್ಯಾಸ್ ತುಂಬುವ ಮೇಲಿನ ಡೋಮ್ ಏನೋ ಏರುತ್ತದೆ, ಒಲೆ ಮಾತ್ರ ಹತ್ತುವುದಿಲ್ಲ. ಹೊರಬರುವ ರಾಡಿ ಕೆಟ್ಟ ದೋಸೆಹಿಟ್ಟಿನಂತೆ ನಾರುತ್ತದೆ. ಹುಳಿ ಅಳೆಯುವ ಪಿಎಚ್ ಕಾಗದ 6.5ಕ್ಕಿಂತ ಕೆಳಗೆ ತೋರಿಸಿದರೆ ನಾಲ್ಕೈದು ದಿನ ಏನೂ ಹಾಕಬೇಡಿ, ದಿನಕ್ಕೊಂದು ಬಕೆಟ್ ಸಗಣಿ ಬಗ್ಗಡ ಬಿಟ್ಟು. ಹಳಸಿದ ಹಿಟ್ಟು, ಹುಣಸೆ ಹಿಪ್ಪೆ, ನಿಂಬೆ ಸಿಪ್ಪೆ ಯಾವತ್ತೂ ಬೇಡ. ಬಾಳೆ ಎಲೆಯೂ ಬೇಡ, ನಾರು ಮೇಲೆ ತೇಲಿ ಕೆನೆಗಟ್ಟುತ್ತದೆ. ಸೋಪಿನ ನೀರಂತೂ ಸೋಕಲೇಬಾರದು.

ಉರಿ ಕುಣಿದರೆ ಪೈಪಿನಲ್ಲಿ ನೀರು ನಿಂತಿದೆ ಅಂತ ಅರ್ಥ. ಪೈಪನ್ನು ಇಳಿಜಾರಾಗಿ ಎಳೆದು, ತಗ್ಗಿನಲ್ಲೊಂದು ನಲ್ಲಿ ಇಡಿಸಿ. ಎಲ್‌ಪಿಜಿ ಬರ್ನರಿನ ಜೆಟ್ ತೂತು ಇದಕ್ಕೆ ಸಾಲದು, ಬೇರೆ ಒಲೆಯೇ ಬೇಕು. ಒತ್ತಡ ಕಮ್ಮಿ, ದೋಸೆ ಕಾವಲಿಗೆ ಆಗದು. ಬಿಸಿನೀರಿಗೆ, ಬೇಳೆ ಬೇಯಿಸಲು ಸಾಕು. ಡಿಸೆಂಬರ್ ಚಳಿಗೆ ಗ್ಯಾಸ್ ಇಳಿಯುತ್ತದೆ, ಬೆರೆಸುವ ನೀರು ಉಗುರುಬೆಚ್ಚಗಿರಲಿ.

ನಿಜವಾದ ಉಳಿತಾಯ ತೂಕದ ಪುಸ್ತಕದಲ್ಲಿದೆ. ಸಿಪ್ಪೆ, ಪಾತ್ರೆಯಲ್ಲಿ ಉಳಿದದ್ದು, ತಟ್ಟೆಯಲ್ಲಿ ಬಿಟ್ಟದ್ದು, ಮೂರಕ್ಕೂ ಬೇರೆ ಬಕೆಟ್, ದಿನವೂ ತೂಕ. ತಟ್ಟೆ ಬಕೆಟಿನಲ್ಲಿ ಚಟ್ನಿಯೇ ತುಂಬುತ್ತಿತ್ತು. ಬಟ್ಟಲು ಚಿಕ್ಕದು ಮಾಡಿ, ಕೇಳಿದವರಿಗೆ ಮತ್ತೆ ಬಡಿಸಿದೆವು. ಪಾತ್ರೆ ಬಕೆಟಿನಲ್ಲಿ ಅನ್ನ. ಎರಡು ಗಂಟೆಯ ಮೇಲೆ ಐದೈದು ಕೆ.ಜಿ. ಅಕ್ಕಿ ಮಾತ್ರ ಇಡುತ್ತೇವೆ. ಮೇಲಿನ ಲೆಕ್ಕದಲ್ಲಿ ಒಂದು ಕೆ.ಜಿ. ಅನ್ನ ತೊಟ್ಟಿಗೆ ಹೋದರೆ ಸಿಗುವುದು 45 ಗ್ರಾಂ ಎಲ್‌ಪಿಜಿಯಷ್ಟೇ.