ಹೊಸ ರಸ್ತೆ ಬೇಕಾ, ಬೇಡವಾ? ಸಭೆ ಕರೆಯುವ ಮೊದಲು ಎಣಿಸಿ

ಬಡಾವಣೆಯ ಕೊನೆಯಲ್ಲಿರುವ ಗೋಡೆ ಒಡೆದು ಪಕ್ಕದ ಬಡಾವಣೆಗೆ ರಸ್ತೆ ಸೇರಿಸುತ್ತಾರಂತೆ ಅನ್ನುವ ಸುದ್ದಿ ಬಂದರೆ ಸಾಕು, ನಿವಾಸಿಗಳ ಸಂಘದ ಸಭೆ ಹೇಗೆ ನಡೆಯುತ್ತದೆ ಎಂದು ಈಗಲೇ ಹೇಳಿಬಿಡಬಹುದು. ಮೊದಲು ಗದ್ದಲ. ಆಮೇಲೆ ಎರಡು ಬಣ. ಒಬ್ಬರು "ಇನ್ನು ಮಕ್ಕಳು ಬೀದಿಗೆ ಇಳಿಯೋ ಹಾಗಿಲ್ಲ" ಅನ್ನುತ್ತಾರೆ. ಇನ್ನೊಬ್ಬರು "ಆಂಬುಲೆನ್ಸ್ ಎಷ್ಟು ದಿನ ಸುತ್ತಿಕೊಂಡು ಬರಬೇಕು?" ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ, ಇಬ್ಬರ ಕೈಯಲ್ಲೂ ಒಂದು ಅಂಕಿಯೂ ಇಲ್ಲ. ಕೊನೆಗೆ ನೂರಾರು ಸಹಿಯ ಅರ್ಜಿ ಹೋಗುತ್ತದೆ, ಎಂಜಿನಿಯರ್ ಅದನ್ನು ಫೈಲಿಗೆ ಸೇರಿಸುತ್ತಾರೆ, ಕೆಲಸ ತನ್ನ ಪಾಡಿಗೆ ನಡೆಯುತ್ತದೆ.

ಇದು ಆಗಬಾರದು ಅಂದರೆ ಸಭೆಗೆ ಮೊದಲೇ ಒಂದಿಷ್ಟು ಕೆಲಸ ಇದೆ. ಕಷ್ಟದ ಕೆಲಸವಲ್ಲ, ಆದರೆ ಅರೆಬರೆ ಮಾಡಿದರೆ ಮಾಡದಿದ್ದಷ್ಟೇ.

1. ನಕ್ಷೆ ತರಿಸಿಕೊಳ್ಳಿ

ರಸ್ತೆ ಯೋಜನೆಯ ನಕ್ಷೆಯ ಪ್ರತಿ ಕೇಳಿ ಪಡೆಯಿರಿ. ಅಗಲ ಎಷ್ಟು, ಎಲ್ಲಿಂದ ಎಲ್ಲಿಗೆ, ಆಕ್ಷೇಪಣೆಗೆ ಕೊನೆಯ ದಿನ ಯಾವುದು, ಇಷ್ಟು ಗೊತ್ತಾದರೆ ಸಾಕು. "ಅವರು ಹೇಳಿದರು, ಇವರು ಕೇಳಿಸಿಕೊಂಡರು" ಅನ್ನುವುದರ ಮೇಲೆ ಸಭೆ ಕರೆಯಬೇಡಿ.

2. ವಾಹನ ಎಣಿಸಿ

ಇಲ್ಲಿಂದ ಎಡವುವುದು ಶುರು. ಭಾನುವಾರ ಬಿಡುವಿದೆ ಅಂತ ಭಾನುವಾರವೇ ಎಣಿಸುತ್ತಾರೆ. ಬೇಡ. ಮಂಗಳವಾರದಿಂದ ಗುರುವಾರದ ಒಳಗೆ, ರಜೆ ಇಲ್ಲದ, ಶಾಲೆ ನಡೆಯುತ್ತಿರುವ ದಿನ ಆರಿಸಿ. ಬೆಳಿಗ್ಗೆ ಎರಡು ಗಂಟೆ ಕಾಲ, ಸಂಜೆ ಎರಡು ಗಂಟೆ ಕಾಲ. ಹಾಳೆಯಲ್ಲಿ 15 ನಿಮಿಷಕ್ಕೊಂದು ಸಾಲು ಹಾಕಿ. ಬೈಕ್-ಸ್ಕೂಟರ್, ಕಾರು, ಸರಕು ವಾಹನ, ಬಸ್ಸು-ಲಾರಿ, ಸೈಕಲ್ಲಿಗೆ ಬೇರೆ ಬೇರೆ ಕಾಲಂ ಇರಲಿ. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕಿದರೆ ಕೂಡುವುದು ಸುಲಭ. ಹೋಗುವ ದಿಕ್ಕಿಗೆ ಒಬ್ಬರು, ಬರುವ ದಿಕ್ಕಿಗೆ ಒಬ್ಬರು. ಒಬ್ಬರೇ ಎರಡೂ ಕಡೆ ನೋಡಿದರೆ ದಟ್ಟಣೆ ಜಾಸ್ತಿಯಾದಾಗಲೇ ಲೆಕ್ಕ ತಪ್ಪುತ್ತದೆ, ನಮಗೆ ಬೇಕಾದದ್ದು ಆ ಹೊತ್ತಿನ ಲೆಕ್ಕವೇ.

ಜನರನ್ನೂ ಎಣಿಸಿ. ರಸ್ತೆ ದಾಟುವವರು, ಅದರಲ್ಲಿ ಮಕ್ಕಳೆಷ್ಟು, ಕೋಲು ಹಿಡಿದವರೆಷ್ಟು. ಇದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ವಾಹನದ ಲೆಕ್ಕ ಮಾತ್ರ ಕೊಟ್ಟರೆ ನಿಮ್ಮ ಬೀದಿ ಬರೀ ವಾಹನ ಓಡುವ ಜಾಗ ಅಂತ ನೀವೇ ಒಪ್ಪಿಕೊಂಡ ಹಾಗೆ.

ಇಡೀ ದಿನ ಕೂರಲು ಆಗದಿದ್ದರೆ ಒಂದು ಅಂದಾಜಿದೆ. ಅತಿ ಹೆಚ್ಚು ದಟ್ಟಣೆಯ ಒಂದು ಗಂಟೆಯಲ್ಲಿ ಓಡುವುದು ಸಾಮಾನ್ಯವಾಗಿ ಇಡೀ ದಿನದ ಹತ್ತನೇ ಒಂದು ಭಾಗದ ಆಸುಪಾಸು. ಆ ಗಂಟೆಯಲ್ಲಿ 90 ವಾಹನ ಬಂದರೆ ದಿನಕ್ಕೆ ಸುಮಾರು 900. ಅಂದಾಜು ಅಂತಲೇ ಬರೆಯಿರಿ. ಫೋನಿನ ಮ್ಯಾಪಿನಲ್ಲಿ ಕಾಣುವ ಕೆಂಪು-ಹಸಿರು ಗೆರೆಯ ಸ್ಕ್ರೀನ್‌ಶಾಟ್ ಮಾತ್ರ ತರಬೇಡಿ. ಅದು ವಾಹನ ಎಷ್ಟು ಸರಾಗವಾಗಿ ಓಡುತ್ತಿದೆ ಅಂತ ತೋರಿಸುತ್ತದೆ, ಎಷ್ಟು ಓಡುತ್ತಿದೆ ಅಂತ ಅಲ್ಲ.

ಅಂಕಿ ಯಾಕೆ ಮುಖ್ಯ ಅಂದರೆ, ನಗರ ವಿನ್ಯಾಸದ ಪ್ರಾಧ್ಯಾಪಕ ಡೊನಾಲ್ಡ್ ಆಪಲ್‌ಯಾರ್ಡ್ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು 1969ರ ಸುಮಾರಿಗೆ ಹೋಲಿಸಿ ನೋಡಿದರು. ದಿನಕ್ಕೆ 2,000 ವಾಹನ ಓಡುವ ಬೀದಿಯಲ್ಲಿ ಒಬ್ಬರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರು. 16,000 ಓಡುವ ಬೀದಿಯಲ್ಲಿ ಒಬ್ಬರಿಗಿಂತಲೂ ಕಡಿಮೆ. ವಾಹನ ಜಾಸ್ತಿಯಾದರೆ ಅಪಘಾತ ಒಂದೇ ಅಲ್ಲ, ಎದುರು ಮನೆಯವರ ಪರಿಚಯವೂ ಹೋಗುತ್ತದೆ.

3. ವೇಗ ಅಳೆಯಿರಿ

ಎಲ್ಲಕ್ಕಿಂತ ಹೆಚ್ಚು ಕೆಡುವುದು ಇದೇ. "ನಮ್ಮ ಬೀದಿಯಲ್ಲಿ ಎಂಬತ್ತರಲ್ಲಿ ಓಡಿಸುತ್ತಾರೆ" ಅಂತ ಸಭೆಯಲ್ಲಿ ಹೇಳುವವರು ಇದ್ದೇ ಇರುತ್ತಾರೆ. ಅಳೆದು ನೋಡಿದರೆ ನಲವತ್ತೈದು ಇರಬಹುದು. ಮನೆಗಳ ನಡುವಿನ ಬೀದಿಗೆ ನಲವತ್ತೈದೇ ಜಾಸ್ತಿ. ಆದರೆ ನೀವು ಎಂಬತ್ತು ಅಂದುಬಿಟ್ಟರೆ ಅಧಿಕಾರಿ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಟೇಪು ಹಿಡಿದು 50 ಮೀಟರ್ ಅಳೆಯಿರಿ. ಹೆಜ್ಜೆ ಲೆಕ್ಕ ಬೇಡ. ಎರಡೂ ತುದಿಯಲ್ಲಿ ಸೀಮೆಸುಣ್ಣದಿಂದ ರಸ್ತೆಗೆ ಅಡ್ಡ ಗೆರೆ ಎಳೆಯಿರಿ. ಮೊದಲ ಗೆರೆಯ ನೇರಕ್ಕೆ ಒಬ್ಬರು, ಎರಡನೆಯದರ ನೇರಕ್ಕೆ ಸ್ಟಾಪ್‌ವಾಚ್ ಹಿಡಿದ ಇನ್ನೊಬ್ಬರು. ಮುಂದಿನ ಚಕ್ರ ಮೊದಲ ಗೆರೆ ಮುಟ್ಟಿದಾಗ ಮೊದಲನೆಯವರು ಎತ್ತಿದ ಕೈ ಕೆಳಗಿಳಿಸಬೇಕು, ಗಡಿಯಾರ ಶುರು. ಅದೇ ಚಕ್ರ ಎರಡನೇ ಗೆರೆ ಮುಟ್ಟಿದಾಗ ನಿಲ್ಲಿಸಿ. 180ನ್ನು ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಸಿಗುತ್ತದೆ. 6 ಸೆಕೆಂಡ್ ಹಿಡಿದರೆ 30, 4.5 ಹಿಡಿದರೆ 40, 3.6 ಹಿಡಿದರೆ 50.

ಗೆರೆಯ ನೇರಕ್ಕೇ ನಿಲ್ಲಬೇಕು. ಎರಡು ಹೆಜ್ಜೆ ಆಚೀಚೆ ನಿಂತು ಓರೆಯಾಗಿ ನೋಡಿದರೆ ಚಕ್ರ ಯಾವಾಗ ಗೆರೆ ಮುಟ್ಟಿತು ಅನ್ನುವುದು ತಪ್ಪುತ್ತದೆ. "25 ಮೀಟರ್ ಸಾಲದಾ?" ಅಂತ ಕೇಳುತ್ತಾರೆ. ಸಾಲದು. ಐವತ್ತರ ವೇಗದ ಕಾರು 25 ಮೀಟರ್ ದಾಟಲು 1.8 ಸೆಕೆಂಡ್ ಸಾಕು. ಬೆರಳು 0.2 ಸೆಕೆಂಡ್ ತಡವಾದರೂ ಐವತ್ತು ನಲವತ್ತೈದಾಗಿ ಕಾಣುತ್ತದೆ.

ಇನ್ನೊಂದು ವಿಷಯ, ಕಾಣಿಸಿಕೊಳ್ಳಬೇಡಿ. ಬಣ್ಣದ ಜಾಕೆಟ್ ಹಾಕಿ ಹಾಳೆ ಹಿಡಿದು ನಿಂತರೆ ಎಲ್ಲರೂ ಬ್ರೇಕ್ ಹಾಕುತ್ತಾರೆ. ಗೇಟಿನ ಒಳಗೆ ಸುಮ್ನೆ ಕುರ್ಚಿ ಹಾಕಿಕೊಂಡು ಕೂತುಬಿಡಿ. ಮುಂದಿನ ವಾಹನದ ಹಿಂದೆಯೇ ಬರುವವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅವರ ವೇಗ ಅವರದ್ದಲ್ಲ. ಜೋರಾಗಿ ಬಂದವರನ್ನೇ ಆರಿಸಿ ಅಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಒಂಟಿಯಾಗಿ ಬರುವ ಪ್ರತಿಯೊಂದನ್ನೂ ಅಳೆಯಿರಿ.

ನೂರು ವಾಹನ ಆದ ಮೇಲೆ ನಿಧಾನದಿಂದ ಜೋರಿನ ಕಡೆಗೆ ಜೋಡಿಸಿ, 85ನೆಯದನ್ನು ನೋಡಿ. ಎಂಜಿನಿಯರುಗಳು ನೋಡುವುದು ಈ ಅಂಕಿಯನ್ನೇ. ಸರಾಸರಿ ತೆಗೆದರೆ ನಿಧಾನದವರ ನಡುವೆ ಜೋರಿನವರು ಮರೆಯಾಗಿಬಿಡುತ್ತಾರೆ. ಫೋನಿನ ಕ್ಯಾಮೆರಾದಿಂದ ವೇಗ ಅಳೆಯುತ್ತೇವೆ ಅನ್ನುವ ಉಚಿತ ಆ್ಯಪ್‌ಗಳಿವೆ. ದೂರವನ್ನು ನೀವೇ ಸರಿಯಾಗಿ ತುಂಬದಿದ್ದರೆ ಅವು ಏನು ಬೇಕಾದರೂ ತೋರಿಸುತ್ತವೆ. ನನಗಂತೂ ಟೇಪು, ಗಡಿಯಾರ, ಪೆನ್ಸಿಲ್ಲೇ ಸಾಕು.

ಮೂವತ್ತಕ್ಕೂ ಐವತ್ತಕ್ಕೂ ಅಷ್ಟೇನು ವ್ಯತ್ಯಾಸ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಚಾಲಕ ಎಚ್ಚೆತ್ತು ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿದರೆ, ಒಣ ರಸ್ತೆಯಲ್ಲಿ ಮೂವತ್ತರ ಕಾರು ಸುಮಾರು 13 ಮೀಟರಿಗೆ ನಿಲ್ಲುತ್ತದೆ. ಐವತ್ತರದ್ದು ಅಷ್ಟು ದೂರ ಹೋದಾಗ ಚಾಲಕನ ಕಾಲು ಇನ್ನೂ ಬ್ರೇಕಿಗೆ ತಾಗಿರುವುದಿಲ್ಲ. ಅದು ನಿಲ್ಲಲು 28 ಮೀಟರ್ ಬೇಕು. ಜನರೂ ವಾಹನಗಳೂ ಬೆರೆಯುವ ಕಡೆ 30ರ ಮಿತಿ ಇರಲಿ ಅಂತ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನ ಹೊರಡಿಸಿದ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದೆ. ಪತ್ರದಲ್ಲಿ ಇದನ್ನು ಬರೆಯಿರಿ, ತೂಕ ಬರುತ್ತದೆ.

4. ಇದು ಒಳದಾರಿ ಆಗುತ್ತದಾ ನೋಡಿ

ಇನ್ನೂ ಇಲ್ಲದ ರಸ್ತೆಯಲ್ಲಿ ಎಣಿಸುವುದು ಹೇಗೆ? ಸಮಯ ಹೋಲಿಸಿ. ದಟ್ಟಣೆಯ ಹೊತ್ತಿನಲ್ಲಿ ಮುಖ್ಯರಸ್ತೆಯ ಈ ತುದಿಯಿಂದ ಆ ತುದಿಗೆ ಎಷ್ಟು ನಿಮಿಷ ಅಂತ ಓಡಿಸಿ ನೋಡಿ. ಆಮೇಲೆ ಹೊಸ ರಸ್ತೆ ತೆರೆದರೆ ನಿಮ್ಮ ಬೀದಿಯ ಮೂಲಕ ಎಷ್ಟು ದೂರ ಅಂತ ನಕ್ಷೆಯಲ್ಲಿ ಅಳೆದು, 25ರ ವೇಗದಲ್ಲಿ ಎಷ್ಟು ನಿಮಿಷ ಅಂತ ಲೆಕ್ಕ ಹಾಕಿ. ಒಳದಾರಿಯೇ ಬೇಗ ಅಂತ ಬಂದರೆ ಮುಗಿಯಿತು, ಮ್ಯಾಪ್ ಆ್ಯಪ್‌ಗಳು ಎಲ್ಲರನ್ನೂ ನಿಮ್ಮ ಮನೆ ಮುಂದೆ ಕಳಿಸುತ್ತವೆ. ಮುಖ್ಯರಸ್ತೆಯೇ ಬೇಗ ಅಂತ ಬಂದರೆ ನಿಮ್ಮ ಭಯ ಅರ್ಧ ಇಳಿಯಬೇಕು. ಆಗ ಅದನ್ನೂ ಸಭೆಯಲ್ಲಿ ಹೇಳಿ, ಮುಚ್ಚಿಡಬೇಡಿ.

ಈಗಾಗಲೇ ತೆರೆದಿರುವ ಬೀದಿಯಾದರೆ, ಎರಡೂ ತುದಿಯಲ್ಲಿ ಒಬ್ಬೊಬ್ಬರು ಕೂತು ನಂಬರ್ ಪ್ಲೇಟಿನ ಕೊನೆಯ ಅಂಕಿಗಳನ್ನೂ ಸಮಯವನ್ನೂ ಬರೆದುಕೊಳ್ಳಿ. ಮೂರು ನಿಮಿಷದೊಳಗೆ ಅದೇ ಅಂಕಿ ಆ ತುದಿಯಲ್ಲಿ ಕಂಡರೆ ಅವರು ಹಾದುಹೋಗುವವರು. ಲೆಕ್ಕ ಮುಗಿದ ಮೇಲೆ ಆ ಹಾಳೆ ಹರಿದುಹಾಕಿ. ಯಾರು ಯಾವಾಗ ಹೊರಗೆ ಹೋದರು ಅನ್ನುವುದು ಸಂಘಕ್ಕೆ ಬೇಡದ ವಿಷಯ.

5. ಕತ್ತಲಾದ ಮೇಲೆ ಒಂದು ಸುತ್ತು

ಉರಿಯದ ದೀಪ, ಕೊಂಬೆ ಮುಚ್ಚಿದ ದೀಪ, ಪಾದಚಾರಿ ದಾರಿಯಲ್ಲಿ ನಿಂತ ವಾಹನ, ಎಲ್ಲ ಬರೆದುಕೊಳ್ಳಿ. ಪ್ರತಿ ತಿರುವಿನಲ್ಲಿ ಒಂದು ಮೀಟರ್ ಎತ್ತರದಿಂದ ಫೋಟೋ ತೆಗೆಯಿರಿ. ಮಗುವಿನ ಕಣ್ಣಿಗೆ ನಿಂತ ಕಾರಿನ ಬಾಗಿಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ ಅಂತ ಆಗ ಗೊತ್ತಾಗುತ್ತದೆ. "ರಸ್ತೆ ತೆರೆದರೆ ಕಳ್ಳರು ಬರುತ್ತಾರೆ" ಅನ್ನುವವರನ್ನೂ ಈ ಸುತ್ತಿಗೆ ಕರೆದುಕೊಂಡು ಹೋಗಿ. ಯಾವ ಮೂಲೆ, ಯಾಕೆ ಅಂತ ಅವರೇ ತೋರಿಸಲಿ.

6. ಸಭೆ

ಅಂಕಿಗಳನ್ನು ಒಂದೇ ಹಾಳೆಗೆ ಇಳಿಸಿ ಎಲ್ಲರಿಗೂ ಮೊದಲೇ ಕೊಡಿ. ಮೈಕ್ ಇಡಬೇಡಿ. ದೊಡ್ಡ ನಕ್ಷೆಗಳನ್ನು ಮೇಜಿನ ಮೇಲೆ ಹರಡಿ, ಏಳೆಂಟು ಜನ ಸುತ್ತ ನಿಂತು ಪೆನ್ನಿನಲ್ಲಿ ಗುರುತು ಹಾಕಲಿ. ಬೇಕಾ ಬೇಡವಾ ಅಂತ ಕೈ ಎತ್ತಿಸಿದರೆ ಎರಡು ಬಣವಾಗುತ್ತದೆ. ಯಾವ ಷರತ್ತಿನ ಮೇಲೆ ಅಂತ ಕೇಳಿ. ಗ್ರೂಪಿನಲ್ಲಿ ಪೋಲ್ ಹಾಕಿ ಮುಗಿಸುವವರಿಗೆ ಒಂದು ಮಾತು: ಅಲ್ಲಿ ಒತ್ತಿದವರಲ್ಲಿ ಅರ್ಧ ಜನ ನಕ್ಷೆಯನ್ನೇ ನೋಡಿರುವುದಿಲ್ಲ.

ಒಂದೇ ದಾರಿ ಇರುವ ಬಡಾವಣೆ ಸುರಕ್ಷಿತ ಅನ್ನುವುದು ಪೂರ್ತಿ ನಿಜವಲ್ಲ ಅಂತಲೂ ಹೇಳಿ. 2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರಿಗೆ ಕಾಳ್ಗಿಚ್ಚು ನುಗ್ಗಿದಾಗ ಹೊರಗೆ ಹೋಗುವ ಕೆಲವೇ ರಸ್ತೆಗಳು ವಾಹನದಿಂದ ಕಟ್ಟಿಕೊಂಡವು. ಆ ಬೆಂಕಿಗೆ 85 ಜನ ಬಲಿಯಾದರು.

7. ನಡುವಿನ ದಾರಿಗಳು

ಪೂರ್ತಿ ತೆರೆಯುವುದು, ಪೂರ್ತಿ ಮುಚ್ಚುವುದರ ನಡುವೆ ಬೇಕಾದಷ್ಟಿದೆ: ಏಕಮುಖ ಸಂಚಾರ, ಬಸ್ಸಿಗೆ ಮಾತ್ರ, ನಡೆಯುವವರಿಗೂ ಸೈಕಲ್ಲಿಗೂ ಮಾತ್ರ. ನನ್ನ ಮತ ಕೊನೆಯದಕ್ಕೆ. ಗೋಡೆಯ ಜಾಗದಲ್ಲಿ ಒಂದೂವರೆ ಮೀಟರಿಗೊಂದು ಗೂಟ, ನಡುವಿನದು ಬೀಗ ತೆಗೆದು ಕೀಳುವಂಥದ್ದು. ಬೀಗದ ಕೈ ಅಗ್ನಿಶಾಮಕ ಠಾಣೆಯಲ್ಲಿರಲಿ. ಸ್ಕೂಟರುಗಳು ನುಗ್ಗುತ್ತವೆ ಅನ್ನುತ್ತೀರಾ? ನುಗ್ಗುತ್ತವೆ. ಸ್ಕೂಟರ್ ತಡೆಯುವಷ್ಟು ಕಿರಿದು ಮಾಡಿದರೆ ಗಾಲಿಕುರ್ಚಿಯೂ ಅಲ್ಲೇ ನಿಲ್ಲುತ್ತದೆ. ಯಾವುದು ಬೇಕು ಅಂತ ಸಭೆಯೇ ಹೇಳಲಿ.

ಹಂಪ್ ಕೇಳುವುದಾದರೆ ಅಳತೆ ಹೇಳಿ ಕೇಳಿ. ಬ್ರಿಟನ್ನಿನ ಸಾರಿಗೆ ಸಂಶೋಧಕರು 1970ರ ದಶಕದಲ್ಲಿ ರೂಪಿಸಿದ ಹಂಪ್ 3.7 ಮೀಟರ್ ಉದ್ದ, 10 ಸೆಂಟಿಮೀಟರ್ ಎತ್ತರ. ವಾಹನ ಏರಿ ಇಳಿಯುತ್ತದೆ, ಬೆನ್ನು ಮುರಿಯುವುದಿಲ್ಲ. ನೂರು ಮೀಟರಿಗಿಂತ ದೂರ ದೂರ ಹಾಕಿದರೆ ನಡುವೆ ಮತ್ತೆ ಜೋರಾಗಿ ಓಡಿಸುತ್ತಾರೆ. ಬೋಲ್ಟ್ ಹಾಕಿ ಕೂರಿಸುವ ಅಗ್ಗದ ರಬ್ಬರ್ ಪಟ್ಟಿಗಳನ್ನು ಮಾತ್ರ ಒಪ್ಪಲೇಬೇಡಿ. ತುಂಡು ಕಿತ್ತುಹೋದ ಮೇಲೆ ಬೋಲ್ಟ್ ಮಾತ್ರ ರಸ್ತೆಯಿಂದ ಎದ್ದು ನಿಂತಿರುತ್ತದೆ. ಸೈಕಲ್ಲಿನವರು ಬೀಳುವುದು ಅಲ್ಲೇ.

8. ಪತ್ರ

ಒಂದೇ ಪುಟ. ಮೇಲೆ ಅಂಕಿ, ಕೆಳಗೆ ಷರತ್ತು, ಜೊತೆಗೆ ನಕ್ಷೆ ಮತ್ತು ಎಣಿಕೆಯ ಹಾಳೆ. ಕೊಟ್ಟದ್ದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆರು ತಿಂಗಳು ಪ್ರಯೋಗಕ್ಕೆ ಮಾಡಿ ನೋಡಿ, ಇಂಥ ವೇಗ ಅಥವಾ ಇಷ್ಟು ವಾಹನ ಮೀರಿದರೆ ಮುಚ್ಚಬೇಕು ಅನ್ನುವುದು ಅದರಲ್ಲಿ ಬರಹದಲ್ಲೇ ಇರಲಿ. ಪ್ರಯೋಗದ ನಂತರ ಅದೇ ಗೆರೆ, ವಾರದ ಅದೇ ದಿನ, ಅದೇ ಹೊತ್ತಿನಲ್ಲಿ ಮತ್ತೆ ಅಳೆಯಿರಿ. ಪಕ್ಕದ ಬೀದಿಯಲ್ಲೂ ಮೊದಲೊಮ್ಮೆ, ಆಮೇಲೊಮ್ಮೆ ಎಣಿಸಿ. ನಿಮ್ಮಲ್ಲಿ ಕಡಿಮೆಯಾದ ವಾಹನ ಅಲ್ಲಿಗೆ ಹೋಗಿದ್ದರೆ ಮುಂದಿನ ಸಭೆಗೆ ಆ ಬೀದಿಯವರನ್ನೂ ಕರೆಯಬೇಕಾಗುತ್ತದೆ.